ಮನೆಮಂದಿ ಎತ್ತಿ ನಿಲ್ಲಿಸಿದ ಓಟಗಾರ್ತಿ

ಮನೆಯಲ್ಲಿ ಕಾಲಿಗೆ ಬಲವಿಲ್ಲದ ಮಗುವೊಂದಿದ್ದರೆ ಆ ಮನೆಯ ದಿನಚರಿಯೇ ಬೇರೆ ಎಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮಗುವನ್ನು ಎತ್ತಿಕೊಂಡು ಹೋಗುವವರು ಯಾರು, ಎಣ್ಣೆ ತಿಕ್ಕುವವರು ಯಾರು, ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂದು ಮನೆಯ ಎಲ್ಲ ಕೆಲಸಗಳೂ ಆ ಮಗುವಿನ ಸುತ್ತಲೇ ತಿರುಗುತ್ತವೆ. ನಮ್ಮ ದೇಶ ಪೋಲಿಯೊ ಮುಕ್ತವೆಂದು ದೃಢೀಕರಣ ಪಡೆದದ್ದು 2014ರಲ್ಲಿ. ಅದಕ್ಕೆ ಮೊದಲು ನಮ್ಮ ಊರುಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ, ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುವ ಮಕ್ಕಳನ್ನು ನಾವೆಲ್ಲ ಕಂಡವರೇ. ಅಂತಹ ಮಗುವನ್ನು ಕಂಡಾಗ ಅಯ್ಯೋ ಪಾಪ ಎಂದು ಮರುಗಿ ಮುಂದೆ ಹೋಗುವುದು ಸುಲಭ. ಆ ಮಗುವಿನ ಜೊತೆ ವರ್ಷಗಟ್ಟಲೆ ನಿಲ್ಲುವುದು ಕಷ್ಟ.

ಹಾಗೆ ಜೊತೆಗೆ ನಿಂತ ಒಂದು ಬಡ ಕುಟುಂಬದ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇವೆ. ಆ ಕುಟುಂಬದ ಮಗಳ ಹೆಸರು ವಿಲ್ಮಾ ರುಡಾಲ್ಫ್. 1960ರಲ್ಲಿ ರೋಮ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದ ಆಕೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆ ಪದಕಗಳ ಹಿಂದೆ ಎಷ್ಟು ಕೈಗಳಿದ್ದವು ಎಂಬುದನ್ನು ಕೇಳಿದವರು ಕಡಿಮೆ.

ಇಪ್ಪತ್ತನೆಯ ಮಗು

ಅಮೆರಿಕಾದ ಟೆನೆಸ್ಸೀ ರಾಜ್ಯದಲ್ಲಿ ಕ್ಲಾರ್ಕ್ಸ್‌ವಿಲ್ ಎಂಬ ಊರಿದೆ. ಅದರ ಪಕ್ಕದ ಸೇಂಟ್ ಬೆತ್ಲೆಹೆಮ್ ಎಂಬಲ್ಲಿ 1940ರ ಜೂನ್ 23ರಂದು ವಿಲ್ಮಾ ಹುಟ್ಟಿದಳು. ದಿನ ತುಂಬುವ ಮೊದಲೇ ಹುಟ್ಟಿದ ಆ ಕೂಸಿನ ತೂಕ ಎರಡು ಕಿಲೋದಷ್ಟು ಮಾತ್ರ. ತಂದೆ ಎಡ್ ರುಡಾಲ್ಫ್ ಅವರಿಗೆ ಎರಡು ಮದುವೆಗಳಿಂದ ಒಟ್ಟು 22 ಮಕ್ಕಳು. ಅವರಲ್ಲಿ ವಿಲ್ಮಾ ಇಪ್ಪತ್ತನೆಯವಳು. ತಂದೆ ರೈಲ್ವೆಯಲ್ಲಿ ಕೂಲಿ. ಅದರ ಜೊತೆಗೆ ಸಿಕ್ಕಿದ ಕೆಲಸವನ್ನೆಲ್ಲ ಮಾಡುತ್ತಿದ್ದರು. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಬ್ಯಾಪ್ಟಿಸ್ಟ್ ಪಂಗಡಕ್ಕೆ ಸೇರಿದ, ದೇವರಲ್ಲಿ ಭಯಭಕ್ತಿಯುಳ್ಳ ಕುಟುಂಬ ಅದು.

ಆ ಕಾಲದ ಆ ನಾಡಿನಲ್ಲಿ ಕಪ್ಪು ಜನರ ಬಾಳು ಹೇಗಿತ್ತು ಎಂಬುದನ್ನು ತಿಳಿಯದೆ ಈ ಕಥೆ ನಿಮಗೆ ಪೂರ್ತಿ ಅರ್ಥವಾಗದು. ಅವರ ಮಕ್ಕಳಿಗೆ ಬೇರೆ ಶಾಲೆ, ಅವರಿಗೆ ಬೇರೆ ಆಸ್ಪತ್ರೆ. ಬಸ್ಸಿನಲ್ಲಿ ಹಿಂದಿನ ಸೀಟುಗಳೇ ಅವರ ಪಾಲು. ಹೋಟೆಲುಗಳ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು. ಮುಟ್ಟಬಾರದವರು, ಒಳಗೆ ಬರಬಾರದವರು ಎಂದು ಮನುಷ್ಯರನ್ನು ವಿಂಗಡಿಸುವ ಪಾಪ ಯಾವುದೆಂದು ನಮ್ಮ ನೆಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಹ ಮನೆಯಲ್ಲಿ ಹುಟ್ಟಿದ ವಿಲ್ಮಾಗೆ ಕಾಯಿಲೆಗಳು ಒಂದರ ಮೇಲೊಂದು ಬಂದವು. ನ್ಯುಮೋನಿಯಾ ಬಂತು, ಸ್ಕಾರ್ಲೆಟ್ ಜ್ವರ ಬಂತು. ನಾಲ್ಕೈದು ವರ್ಷದವಳಿದ್ದಾಗ ಪೋಲಿಯೊ ತಗುಲಿತು. ಪ್ರಾಣ ಉಳಿಯಿತು, ಎಡಗಾಲಿನ ಶಕ್ತಿ ಹೋಯಿತು. ಈ ಮಗು ಸರಿಯಾಗಿ ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂಬುದು ವೈದ್ಯರ ಅಭಿಪ್ರಾಯವಾಗಿತ್ತು. ತಾಯಿ ಮಾತ್ರ ಮಗಳಿಗೆ ಬೇರೆಯದನ್ನೇ ಹೇಳಿದರು: ನೀನು ಒಂದು ದಿನ ನಡೆದೇ ನಡೆಯುತ್ತೀ ಎಂದು. ಮಗು ತಾಯಿಯ ಮಾತನ್ನು ನಂಬಿತು.

ದಿನಕ್ಕೆ ನಾಲ್ಕು ಬಾರಿ

ಬರೀ ಧೈರ್ಯದ ಮಾತು ಹೇಳಿ ತಾಯಿ ಸುಮ್ಮನೆ ಕೂರಲಿಲ್ಲ. ಕಪ್ಪು ಜನರಿಗೆ ಚಿಕಿತ್ಸೆ ಸಿಗುತ್ತಿದ್ದ ಮೆಹಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದದ್ದು ನ್ಯಾಶ್‌ವಿಲ್ ನಗರದಲ್ಲಿ, ಸುಮಾರು 80 ಕಿಲೋಮೀಟರ್ ದೂರ. ಪ್ರತಿ ವಾರ ಮಗಳನ್ನು ಕರೆದುಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು, ಅವರು ಆ ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಹೀಗೆ ಸುಮಾರು ಎರಡು ವರ್ಷ ನಡೆಯಿತು. ದಿನಗೂಲಿಯ ಮನೆಯಲ್ಲಿ ವಾರಕ್ಕೊಂದು ದಿನದ ಕೆಲಸ ಬಿಡುವುದೆಂದರೆ ಏನೆಂದು, ಬಸ್ಸಿನ ದುಡ್ಡು ಹೊಂದಿಸುವುದೆಂದರೆ ಏನೆಂದು ನಿಮಗೆ ಗೊತ್ತು.

ಕಾಲಿನ ಸ್ನಾಯುಗಳನ್ನು ದಿನಕ್ಕೆ ನಾಲ್ಕು ಬಾರಿ ತಿಕ್ಕಿ ನೀವಬೇಕು ಎಂದು ಆಸ್ಪತ್ರೆಯವರು ತಾಯಿಗೆ ಕಲಿಸಿಕೊಟ್ಟರು. ಒಬ್ಬ ತಾಯಿ ಹೊರಗೆ ದುಡಿದು, ಮನೆಯ ಅಡುಗೆ ನೋಡಿಕೊಂಡು, ದಿನಕ್ಕೆ ನಾಲ್ಕು ಬಾರಿ ಇದನ್ನು ಮಾಡುವುದು ಸಾಧ್ಯವೇ? ಆದ್ದರಿಂದ ಅವರು ತಾವು ಕಲಿತದ್ದನ್ನು ದೊಡ್ಡ ಮಕ್ಕಳಿಗೂ ಕಲಿಸಿದರು. ಸರದಿಯ ಪ್ರಕಾರ ಅಕ್ಕಂದಿರು, ಅಣ್ಣಂದಿರು ತಂಗಿಯ ಕಾಲು ತಿಕ್ಕಿದರು. ಒಂದು ದಿನವಲ್ಲ, ಒಂದು ತಿಂಗಳಲ್ಲ, ವರ್ಷಗಳ ಕಾಲ.

ಇಲ್ಲಿ ನಿಮಗೆ ಸಂತ ಮಾರ್ಕರ ಶುಭಸಂದೇಶದ ಎರಡನೆಯ ಅಧ್ಯಾಯ ನೆನಪಿಗೆ ಬಂದೀತು. ಕಫೆರ್ನವುಮಿನ ಆ ಮನೆಗೆ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದರು. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಹಿಂದಿರುಗಿ ಹೋಗದೆ ಮಾಡಿನ ಮೇಲೆ ಹತ್ತಿ, ಅದನ್ನು ತೆರೆದು, ಅವನನ್ನು ಪ್ರಭು ಯೇಸುವಿನ ಮುಂದೆ ಇಳಿಸಿದರು. ಪ್ರಭು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು. ಆ ನಾಲ್ವರ ಹೆಸರು ಎಲ್ಲೂ ಬರೆದಿಲ್ಲ. ರುಡಾಲ್ಫ್ ಮನೆಯ ಮಕ್ಕಳ ಹೆಸರುಗಳೂ ಯಾವ ಪದಕದ ಮೇಲೂ ಇಲ್ಲ.

ವಿಲ್ಮಾ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಕುಂಟುತ್ತಾ ಶಾಲೆಗೆ ಹೋದಳು. ಇತರ ಮಕ್ಕಳು ಆಡುವುದನ್ನು ಕುಳಿತು ನೋಡಿದಳು. ಹನ್ನೆರಡು ವರ್ಷ ಆಗುವಷ್ಟರಲ್ಲಿ ಕ್ಯಾಲಿಪರ್ ಕಳಚಿತು, ಅದರ ನಂತರ ಹಾಕಿಕೊಳ್ಳುತ್ತಿದ್ದ ವಿಶೇಷ ಬೂಟೂ ಹೋಯಿತು. ಅಷ್ಟು ವರ್ಷ ಕುಳಿತೇ ಇದ್ದ ಹುಡುಗಿ ಅಂಗಳಕ್ಕಿಳಿದು ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್ ಆಡತೊಡಗಿದಳು.

ಬೆಂಚಿನಿಂದ ಮೈದಾನಕ್ಕೆ

ಊರಿನ ಬರ್ಟ್ ಹೈಸ್ಕೂಲಿನಲ್ಲಿ ಅವಳ ಅಕ್ಕನನ್ನು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆರಿಸಿದಾಗ, ತಂಗಿಯನ್ನೂ ಸೇರಿಸಿಕೊಂಡರೆ ಮಾತ್ರ ಅಕ್ಕನನ್ನು ಕಳುಹಿಸುವೆ ಎಂದು ತಂದೆ ಪಟ್ಟು ಹಿಡಿದರು. ತರಬೇತುದಾರ ಕ್ಲಿಂಟನ್ ಗ್ರೇ ಒಪ್ಪಿಕೊಂಡರು. ಮೊದಲು ಬೆಂಚಿನ ಮೇಲೆ ಕುಳಿತುಕೊಳ್ಳುವುದೇ ವಿಲ್ಮಾಳ ಕೆಲಸವಾಗಿತ್ತು. ಆಟಕ್ಕೆ ಇಳಿಸಿದ ಮೇಲೆ ಅವಳ ಚುರುಕು ಕಂಡು ಗ್ರೇ ಅವರು ಸೊಳ್ಳೆ ಎಂಬ ಅಡ್ಡಹೆಸರಿಟ್ಟರು. ಎಲ್ಲಿ ನೋಡಿದರೂ ಅವಳೇ ಇರುತ್ತಿದ್ದಳಂತೆ.

ಟೆನೆಸ್ಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಓಟದ ತಂಡ ಕಟ್ಟಿದ್ದ ಎಡ್ ಟೆಂಪಲ್ ಎಂಬ ತರಬೇತುದಾರರ ಕಣ್ಣಿಗೆ ಅವಳು ಬಿದ್ದಳು. ಬೇಸಿಗೆಯ ತರಬೇತಿಗೆ ಬಾ ಎಂದು ಅವರು ಕರೆದರು. ಹೈಸ್ಕೂಲು ಮಟ್ಟದಲ್ಲಿ ಗೆದ್ದು ಅಭ್ಯಾಸವಾಗಿದ್ದ ಹುಡುಗಿ ಟಸ್ಕೀಗಿ ಎಂಬಲ್ಲಿನ ಮೊದಲ ದೊಡ್ಡ ಕೂಟದಲ್ಲಿ ಓಡಿದ ಓಟಗಳನ್ನೆಲ್ಲ ಸೋತಳು. ಹುಟ್ಟುಗುಣ ಒಂದೇ ಸಾಲದು, ಕಲಿಯಬೇಕಾದದ್ದು ಬೇಕಾದಷ್ಟಿದೆ ಎಂದು ಆ ಸೋಲು ಅವಳಿಗೆ ಕಲಿಸಿತು.

1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕಾ ತಂಡದಲ್ಲಿ ವಿಲ್ಮಾ ಇದ್ದಳು. ವಯಸ್ಸು 16. ಎರಡು ನೂರು ಮೀಟರ್ ಓಟದಲ್ಲಿ ಫೈನಲ್ ತಲುಪದೆ ಹೊರಬಿದ್ದಳು. ಮೂರನೆಯ ಒಲಿಂಪಿಕ್ಸ್ ಓಡುತ್ತಿದ್ದ ಹಿರಿಯ ಓಟಗಾರ್ತಿ ಮೇ ಫ್ಯಾಗ್ಸ್ ಸ್ವಂತ ಅಕ್ಕನಂತೆ ಅವಳನ್ನು ನೋಡಿಕೊಂಡಳು. ನಾಲ್ವರು ಓಡುವ ರಿಲೇಯಲ್ಲಿ ತಂಡಕ್ಕೆ ಕಂಚಿನ ಪದಕ ಬಂತು. ಆ ಪದಕವನ್ನು ಹಿಡಿದು ವಿಲ್ಮಾ ಮತ್ತೆ ಅದೇ ಹೈಸ್ಕೂಲಿಗೆ ಹಿಂದಿರುಗಿದಳು.

ಮನೆಯ ನಿಜವಾದ ಪರೀಕ್ಷೆ

ಓದುಗರೇ, ಇಂತಹ ಜೀವನಗಳನ್ನು ಬರೆಯುವಾಗ ಕೆಲವು ಪುಟಗಳನ್ನು ಮುಚ್ಚಿಟ್ಟು ಮುಂದೆ ಹೋಗುವ ರೂಢಿ ಉಂಟು. ನಾವು ಹಾಗೆ ಮಾಡುವುದಿಲ್ಲ, ಏಕೆಂದರೆ ಈ ಕುಟುಂಬದ ದೊಡ್ಡತನ ಕಾಣುವುದು ಆ ಪುಟದಲ್ಲಿಯೇ.

ಹೈಸ್ಕೂಲಿನ ಕೊನೆಯ ವರ್ಷ ವಿಲ್ಮಾ ಗರ್ಭಿಣಿಯಾದಳು. ಮದುವೆಯಾಗಿರಲಿಲ್ಲ. 1958ರ ಬೇಸಿಗೆಯಲ್ಲಿ ಹೆಣ್ಣು ಮಗು ಹುಟ್ಟಿತು. ಊರಿನ ಹೆಮ್ಮೆಯ ಹುಡುಗಿ ಹೀಗಾದಳು ಎಂದು ಜನ ಆಡಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ? ಓದು, ಓಟ ಎರಡೂ ಅಲ್ಲಿಗೆ ಮುಗಿದವೆಂದು ಯಾರು ಬೇಕಾದರೂ ಹೇಳಬಹುದಾಗಿತ್ತು. ಇಂತಹ ಹೊತ್ತಿನಲ್ಲಿ ಎಷ್ಟು ಮನೆಗಳ ಬಾಗಿಲು ಮುಚ್ಚುತ್ತದೆ ಎಂಬುದನ್ನು ನಾವು ಕಂಡಿಲ್ಲವೇ?

ರುಡಾಲ್ಫ್ ಮನೆಯ ಬಾಗಿಲು ಮುಚ್ಚಲಿಲ್ಲ. ಮನೆಯವರು ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತರು. ಮಗಳನ್ನು ಕಾಲೇಜಿಗೆ ಕಳುಹಿಸಿದರು. ತಾಯಂದಿರಾದವರನ್ನು ತಂಡಕ್ಕೆ ಸೇರಿಸಿಕೊಳ್ಳುವ ಪದ್ಧತಿ ಎಡ್ ಟೆಂಪಲ್ ಅವರಲ್ಲಿ ಇರಲಿಲ್ಲ. ಶಿಸ್ತಿನಲ್ಲಿ ಬಹಳ ಬಿಗಿಯಾಗಿದ್ದ ಆ ಮನುಷ್ಯ ವಿಲ್ಮಾಳಿಗಾಗಿ ಆ ನಿಯಮವನ್ನು ಸಡಿಲಿಸಿದರು. ಅದೇ ವರ್ಷ ಅವಳು ಟೆನೆಸ್ಸೀ ಸ್ಟೇಟ್ ವಿಶ್ವವಿದ್ಯಾಲಯ ಸೇರಿದಳು.

ಕಾಲಿನ ಶಕ್ತಿ ಹೋದ ಮಗುವನ್ನು ಎತ್ತಿಕೊಳ್ಳುವುದು ಒಂದು ಬಗೆಯ ಪ್ರೀತಿ. ಎಡವಿದ ಮಗಳನ್ನು ಕೈಬಿಡದೆ ಇರುವುದು ಅದಕ್ಕಿಂತಲೂ ಕಠಿಣವಾದ ಪ್ರೀತಿ. ಪೋಲಿಯೊ ಬಂದ ಮಗುವಿನ ಮೇಲೆ ಊರು ಕನಿಕರ ತೋರುತ್ತದೆ. ಈ ಎರಡನೆಯ ಸಲ ಊರಿನ ಕನಿಕರವೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕುಟುಂಬವೊಂದೇ ನಿಲ್ಲಬೇಕಾಗುತ್ತದೆ. ಎರಡು ವರ್ಷಗಳ ನಂತರ ಜಗತ್ತು ಕಂಡ ಓಟ ಆ ಮನೆ ಅಂದು ತೋರಿದ ಕರುಣೆಯಿಂದ ಬಂದದ್ದು.

ರೋಮ್ ನಗರದಲ್ಲಿ

1960ರ ಜುಲೈಯಲ್ಲಿ, ಒಲಿಂಪಿಕ್ಸ್‌ಗೆ ಮೊದಲು, ವಿಲ್ಮಾ ಎರಡು ನೂರು ಮೀಟರ್ ಓಟವನ್ನು 22.9 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಳು. ಆಗಸ್ಟ್ ತಿಂಗಳಲ್ಲಿ ರೋಮ್‌ಗೆ ಬಂದಿಳಿದಳು.

ಸಂತ ಪೇತ್ರರ, ಸಂತ ಪೌಲರ ಸಮಾಧಿಗಳಿರುವ ಆ ನಗರಕ್ಕೆ ಒಲಿಂಪಿಕ್ಸ್ ಬಂದದ್ದು ಅದೇ ಮೊದಲು. ಕ್ರೀಡಾಕೂಟ ಆರಂಭವಾಗುವ ಹಿಂದಿನ ದಿನ, ಆಗಸ್ಟ್ 24ರಂದು, ಪರಮಪೂಜ್ಯ ಪೋಪ್ 23ನೆಯ ಜಾನ್ ಅವರು ಸಂತ ಪೇತ್ರರ ಚೌಕದಲ್ಲಿ ನೆರೆದ ಕ್ರೀಡಾಪಟುಗಳನ್ನು ಸ್ವಾಗತಿಸಿ ಆಶೀರ್ವದಿಸಿದರು. ಈ ಪೋಪರನ್ನು 2014ರಲ್ಲಿ ಸಂತರೆಂದು ಘೋಷಿಸಲಾಯಿತು. ಓಟದ ಸ್ಪರ್ಧೆಯನ್ನು ವಿಶ್ವಾಸದ ಬಾಳಿಗೆ ಹೋಲಿಸಿ ಪತ್ರ ಬರೆದ ಸಂತ ಪೌಲರು ರಕ್ತಸಾಕ್ಷಿಯಾದ ನಗರದಲ್ಲೇ ಆ ಓಟಗಳು ನಡೆಯಲಿದ್ದವು.

ಸ್ಪರ್ಧೆಗೆ ಮುಂಚಿನ ದಿನ ವಿಲ್ಮಾಗೆ ಒಂದು ಆಪತ್ತು ಎದುರಾಯಿತು. ಹುಲ್ಲಿನ ಮೇಲೆ ಅಭ್ಯಾಸ ಮಾಡುವಾಗ ಗುಂಡಿಯೊಂದರಲ್ಲಿ ಕಾಲಿಟ್ಟು ಪಾದದ ಗಂಟು ಉಳುಕಿತು. ಬಾವು ಬಂತು. ಇಷ್ಟು ವರ್ಷ ಕಾಲಿಗಾಗಿಯೇ ಹೋರಾಡಿದವಳಿಗೆ ಆ ರಾತ್ರಿ ಹೇಗಿದ್ದಿರಬೇಕು ಎಂದು ಯೋಚಿಸಿ ನೋಡಿ. ಮರುದಿನ ಕಾಲಿಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದಳು. ನೇರವಾದ ಓಟವಾದದ್ದರಿಂದ ಉಳುಕು ತಡೆಯಲಿಲ್ಲ. ನೂರು ಮೀಟರ್ ಸೆಮಿಫೈನಲ್‌ನಲ್ಲಿ 11.3 ಸೆಕೆಂಡಿನಲ್ಲಿ ಓಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದಳು.

ಸೆಪ್ಟೆಂಬರ್ 2ರಂದು ಫೈನಲ್. ಎತ್ತರದ, ಸಪೂರ ದೇಹದ ವಿಲ್ಮಾ ಆರಂಭದಲ್ಲಿ ಅಷ್ಟೇನೂ ಚುರುಕಲ್ಲ. ಆಕೆಯ ಬಲವೆಲ್ಲ ಓಟದ ಮಧ್ಯಭಾಗದಲ್ಲಿ. ಉದ್ದ ಹೆಜ್ಜೆಗಳು ಬಿಚ್ಚಿಕೊಂಡ ಮೇಲೆ ಉಳಿದವರು ಹಿಂದೆ ಬಿದ್ದರು. 11.0 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ಬೆನ್ನ ಹಿಂದಿನಿಂದ ಬೀಸಿದ ಗಾಳಿ ನಿಯಮದ ಮಿತಿ ಮೀರಿದ್ದರಿಂದ ಅದು ದಾಖಲೆಯಾಗಿ ಉಳಿಯಲಿಲ್ಲ. ಚಿನ್ನದ ಪದಕವಂತೂ ಆಕೆಯದಾಯಿತು. ಸೆಪ್ಟೆಂಬರ್ 5ರಂದು ಎರಡು ನೂರು ಮೀಟರ್ ಫೈನಲ್‌ನಲ್ಲಿ 24.0 ಸೆಕೆಂಡಿನಲ್ಲಿ ಎರಡನೆಯ ಚಿನ್ನ. ಅದರ ಮರುದಿನ ಅದೇ ಮೈದಾನದಲ್ಲಿ ನಮ್ಮ ಮಿಲ್ಖಾ ಸಿಂಗ್ ನಾನೂರು ಮೀಟರ್ ಓಟದಲ್ಲಿ ಕೂದಲೆಳೆಯಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು ಎಂದರೆ ಆ ದಿನಗಳು ನಿಮಗೆ ಇನ್ನಷ್ಟು ಹತ್ತಿರವಾದಾವು.

ಉಳಿದದ್ದು ನಾಲ್ವರ ರಿಲೇ. ಮಾರ್ಥಾ ಹಡ್ಸನ್, ಬಾರ್ಬರಾ ಜೋನ್ಸ್, ಲುಸಿಂಡಾ ವಿಲಿಯಮ್ಸ್, ಕೊನೆಯಲ್ಲಿ ವಿಲ್ಮಾ. ನಾಲ್ವರೂ ಟೆಂಪಲ್ ಅವರ ಶಿಷ್ಯೆಯರು, ಒಂದೇ ವಿಶ್ವವಿದ್ಯಾಲಯದವರು. ಸೆಮಿಫೈನಲ್‌ನಲ್ಲಿ ಅವರು 44.4 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರು. ಫೈನಲ್‌ನಲ್ಲಿ ಮೂವರೂ ಚೆನ್ನಾಗಿ ಓಡಿ ತಂಡವನ್ನು ಮುಂದೆ ತಂದರು. ಲುಸಿಂಡಾಳ ಕೈಯಿಂದ ವಿಲ್ಮಾಳ ಕೈಗೆ ಬ್ಯಾಟನ್ ದಾಟುವಾಗ ಹಿಡಿತ ತಪ್ಪಿತು. ಬ್ಯಾಟನ್ ಬೀಳುವುದರಲ್ಲಿತ್ತು. ವಿಲ್ಮಾ ಅದನ್ನು ಹೇಗೋ ಭದ್ರ ಮಾಡಿಕೊಳ್ಳುವಷ್ಟರಲ್ಲಿ ಜರ್ಮನಿಯ ಓಟಗಾರ್ತಿ ಯುಟ್ಟಾ ಹೈನೆ ಮುಂದೆ ಹೋಗಿದ್ದಳು. ಮುಂದಿನ ಕೆಲವು ಸೆಕೆಂಡುಗಳಲ್ಲಿ ವಿಲ್ಮಾ ಅವಳನ್ನು ಹಿಡಿದು, ದಾಟಿ, 44.5 ಸೆಕೆಂಡಿನಲ್ಲಿ ಓಟ ಮುಗಿಸಿದಳು. ಒಂದೇ ಒಲಿಂಪಿಕ್ಸ್‌ನ ಓಟಗಳಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಎಂಬ ಹೆಸರು ಆ ಇಪ್ಪತ್ತು ವರ್ಷದ ತಾಯಿಗೆ ಸಂದಿತು. ಇಟಲಿಯ ಪತ್ರಿಕೆಗಳು ಆಕೆಯನ್ನು ಕಪ್ಪು ಜಿಂಕೆ ಎಂದು ಕರೆದವು.

ಒಂದೇ ಪಂಕ್ತಿ

ಗೆದ್ದ ಮಗಳಿಗೆ ಊರಿನಲ್ಲಿ ಭಾರಿ ಸ್ವಾಗತದ ಸಿದ್ಧತೆ ನಡೆಯಿತು. ಅಲ್ಲಿನ ರೂಢಿಯ ಪ್ರಕಾರ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಏರ್ಪಾಡು ಎಂಬ ಮಾತು ಬಂತು. ಹಾಗಾದರೆ ನಾನು ಬರುವುದೇ ಇಲ್ಲ ಎಂದು ವಿಲ್ಮಾ ತಿಳಿಸಿಬಿಟ್ಟಳು. ಮನೆಗೆಲಸದಾಕೆಯ ಮಗಳು ರಾಜ್ಯದ ದೊಡ್ಡವರ ಮುಂದೆ ಹೀಗೆ ಹೇಳುವುದು ಅಂದು ಸಣ್ಣ ಸಂಗತಿಯಾಗಿರಲಿಲ್ಲ. ಕೊನೆಗೆ ಅಧಿಕಾರಿಗಳು ಮಣಿದರು. 1960ರ ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್ ಊರಿನ ಬೀದಿಯಲ್ಲಿ ಮೆರವಣಿಗೆ ನಡೆಯಿತು, ಸಂಜೆ ಭೋಜನಕೂಟ ನಡೆಯಿತು. ಎರಡರಲ್ಲೂ ಬಿಳಿಯರು, ಕಪ್ಪು ಜನರು ಒಟ್ಟಿಗೇ ಇದ್ದರು. ಆ ಊರಿನ ಚರಿತ್ರೆಯಲ್ಲಿ ಹಾಗೆ ನಡೆದದ್ದು ಅದೇ ಮೊದಲು.

ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಮಗಳನ್ನು ಆಸ್ಪತ್ರೆಗೆ ಒಯ್ದ ಆ ತಾಯಿಗೆ ಮೂರು ಚಿನ್ನದ ಪದಕಗಳಿಗಿಂತ ಆ ಒಂದು ಊಟದ ಪಂಕ್ತಿ ಹೆಚ್ಚಿನದೆನಿಸಿರಲೂಬಹುದು. ಒಂದೇ ಬಲಿಪೀಠದ ಸುತ್ತ ಕೂಡುವ ನಾವು, ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ನಾವು, ನಮ್ಮ ಮದುವೆಯ ಚಪ್ಪರಗಳಲ್ಲಿ ಇನ್ನೂ ಯಾರನ್ನು ಬೇರೆ ಕೂರಿಸುತ್ತೇವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಓಟ ಮುಗಿದ ಮೇಲೆ

ವಿಲ್ಮಾ ರುಡಾಲ್ಫ್ 1962ರಲ್ಲಿ, ಕೀರ್ತಿ ಇನ್ನೂ ಶಿಖರದಲ್ಲಿದ್ದಾಗಲೇ, ಓಟದಿಂದ ನಿವೃತ್ತರಾದರು. 1963ರಲ್ಲಿ ಪದವಿ ಪಡೆದು ತಮ್ಮ ಊರಿನ ಶಾಲೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳಿದರು. ಅದೇ ವರ್ಷ, ಕಪ್ಪು ಜನರನ್ನು ಒಳಗೆ ಬಿಡದ ಹೋಟೆಲೊಂದರ ಮುಂದೆ ನಡೆದ ಪ್ರತಿಭಟನೆಯಲ್ಲಿ ಅವರೂ ನಿಂತರು. ಆ ಕಾಲದಲ್ಲಿ ಇಂತಹ ಓಟಗಾರರಿಗೆ ಇಂದಿನಂತೆ ಹಣ ಬರುತ್ತಿರಲಿಲ್ಲ. ಮೂರು ಚಿನ್ನ ಗೆದ್ದವರೂ ಸಂಬಳಕ್ಕಾಗಿ ಊರಿಂದೂರಿಗೆ ಕೆಲಸ ಬದಲಾಯಿಸಬೇಕಾಯಿತು. ಅವರ ದಾಂಪತ್ಯವೂ ನೆಮ್ಮದಿಯದಾಗಿರಲಿಲ್ಲ. ಎರಡು ಮದುವೆಗಳೂ ಉಳಿಯಲಿಲ್ಲ. ನಾಲ್ವರು ಮಕ್ಕಳನ್ನು ಸಾಕಿ ಬೆಳೆಸಿದರು. 1981ರಲ್ಲಿ ಬಡ ಮಕ್ಕಳ ಕ್ರೀಡೆ ಮತ್ತು ಓದಿಗಾಗಿ ತಮ್ಮ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ತಮ್ಮನ್ನು ಎತ್ತಿದ ಕೈಗಳ ಸಾಲವನ್ನು ಹೀಗೆ ಇತರರ ಮಕ್ಕಳಿಗೆ ತೀರಿಸಲು ನೋಡಿದರು.

1994ರಲ್ಲಿ ತಾಯಿ ಬ್ಲಾಂಚ್ ತೀರಿಕೊಂಡರು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಮಗಳಿಗೆ ಮೆದುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಅದೇ ವರ್ಷ ನವೆಂಬರ್ 12ರಂದು ವಿಲ್ಮಾ ನಿಧನರಾದರು. ವಯಸ್ಸು 54. ಅವರು ಹುಟ್ಟಿದ ಜೂನ್ 23ನ್ನು ಟೆನೆಸ್ಸೀ ರಾಜ್ಯ 1997ರಲ್ಲಿ ವಿಲ್ಮಾ ರುಡಾಲ್ಫ್ ದಿನವೆಂದು ಘೋಷಿಸಿತು. ಕಾಲೆಳೆಯುತ್ತಾ ಆಕೆ ನಡೆದ ಊರಿನ ದೊಡ್ಡ ರಸ್ತೆಯೊಂದಕ್ಕೆ ಆಕೆಯ ಹೆಸರೇ ಇದೆ.

ಪ್ರಿಯ ಓದುಗರೇ, ನಿಮ್ಮ ಮಕ್ಕಳು ಒಲಿಂಪಿಕ್ಸ್‌ನಲ್ಲಿ ಓಡಲಿ ಎಂದು ನಾವು ಇದನ್ನು ಬರೆದಿಲ್ಲ. ಎಣ್ಣೆ ತಿಕ್ಕಿದ ಎಲ್ಲ ಕಾಲುಗಳೂ ಓಡುವುದಿಲ್ಲ ಎಂಬುದು ನಮಗೆ ಗೊತ್ತು. ಪ್ರಾರ್ಥಿಸಿದ ಎಲ್ಲ ಮನೆಗಳಲ್ಲೂ ಮಗು ಎದ್ದು ನಡೆಯಲಿಲ್ಲ. ಅಂತಹ ಮನೆಗಳವರೂ ಈ ಪುಟವನ್ನು ಓದುತ್ತಿದ್ದೀರಿ. ನಿಮ್ಮ ಕೈಗಳ ಸೇವೆ ಬ್ಲಾಂಚ್ ರುಡಾಲ್ಫ್ ಅವರ ಸೇವೆಗಿಂತ ಒಂದಿಷ್ಟೂ ಕಡಿಮೆಯದಲ್ಲ. ಮಗಳು ಓಡುತ್ತಾಳೆಂದು ಆ ತಾಯಿಗೆ ಮುಂಚಿತವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ದಿನಕ್ಕೆ ನಾಲ್ಕು ಬಾರಿ ಆ ಕಾಲನ್ನು ತಿಕ್ಕಿದರು, ತಿಕ್ಕಿಸಿದರು.

ನಿಮ್ಮ ಮನೆಯಲ್ಲಿಯೂ ಯಾರೋ ಒಬ್ಬರು ಇದ್ದಾರು: ಹಾಸಿಗೆ ಹಿಡಿದ ಅಜ್ಜಿ, ಓದು ತಲೆಗೆ ಹತ್ತದ ಮಗ, ಕುಡಿತದಿಂದ ಎದ್ದುಬರಲು ಹೆಣಗುವ ತಮ್ಮ, ಊರಿನ ಮಾತಿಗೆ ಅಂಜಿ ಒಳಗೇ ಕುಳಿತ ಮಗಳು. ಹೊರುವ ಕೆಲಸವೆಲ್ಲ ತಾಯಿಯೊಬ್ಬಳ ಮೇಲೆಯೇ ಬಿದ್ದಿದ್ದರೆ, ಇಂದು ಸಂಜೆ ಜಪಸರದ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಆ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳಿ. ನಾಳೆ ಬೆಳಿಗ್ಗೆಯ ಸರದಿ ಯಾರದೆಂದು ಮಲಗುವ ಮೊದಲೇ ತೀರ್ಮಾನಿಸಿ.